ಗುಡ್ಡಕ್ಕೆ ಹಚ್ಚಿದ ಹಸಿರು ಬಣ್ಣ

ಕೊಣನೂರು
೯ ಮಾರ್ಚ್ ೨೦೨೫

ಪ್ರೀತಿಯ ಅಪ್ಪಾಜಿ,

ಮೇಘಶ್ರೀಯ ನಮಸ್ಕಾರಗಳು. ಕಿವಿಯ ಆಪರೇಷನ್ನಿನ ನೋವು ಇಳಿಯಿತೇ? ಪಟ್ಟಿ ಬಿಚ್ಚುವವರೆಗೆ ಫೋನಿನಲ್ಲಿ ಮಾತಾಡಬಾರದಂತೆ, ಅಕ್ಕ ಹೇಳಿದಳು. ಧಾರವಾಡದ ಖಾರ ಒಗ್ಗಿತೇ? ಅಕ್ಕ ಮುದ್ದೆ ಮಾಡಿಕೊಡುತ್ತಾಳೆ ತಾನೇ?

ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲಿ, "ಬೆಂಕಿ ಬೀಳೋದ್ನ ಮೊದ್ಲೇ ಎಂಗವ್ವಾ ಏಳ್ತೀಯ?" ಎಂದು ಕೇಳಿದಿರಿ, ಉತ್ತರಿಸುವಷ್ಟರಲ್ಲಿ ಬಸ್ಸು ಹೊರಟಿತು. ಬೆಂಕಿ ಯಾವಾಗ ಬೀಳುತ್ತದೆಂದು ನಾವು ಹೇಳುವುದಿಲ್ಲ ಅಪ್ಪಾಜಿ, ಬಿದ್ದರೆ ಎಷ್ಟು ಜೋರಾಗಿ ಓಡೀತು ಎಂದು ಹೇಳುತ್ತೇವೆ. ಬಿಸಿಲು, ಗಾಳಿ, ಮಳೆ ಅಳೆಯುವ ಪೆಟ್ಟಿಗೆಯೊಂದರಿಂದ ಕಂಪ್ಯೂಟರಿಗೆ ಲೆಕ್ಕ ಬರುತ್ತದೆ. ಅದು ದಿನಾ ಬೆಳಿಗ್ಗೆ ನಕ್ಷೆಯಲ್ಲಿ ಗುಡ್ಡಗಳಿಗೆ ಬಣ್ಣ ಹಚ್ಚುತ್ತದೆ. ಕೆಂಪೆಂದರೆ ಅಪಾಯ, ಹಸಿರೆಂದರೆ ನಿರಾಳ. ಹಿಂದಿನ ವರ್ಷಗಳ ಬೆಂಕಿಗಳ ಮೇಲೆ ಪರೀಕ್ಷಿಸಿದಾಗ ಚೆನ್ನಾಗಿಯೇ ಹೇಳಿತ್ತು.

ಕಳೆದ ವಾರ ನಿಜವಾದ ಬೆಂಕಿಯಲ್ಲಿ ಪರೀಕ್ಷೆ. ಹಿಂದಿನ ಸಂಜೆ ಕೊಣನೂರಿಗೆ ಮಳೆ ಬಿದ್ದಿತ್ತು, ನಕ್ಷೆ ನಮ್ಮ ಗುಡ್ಡವನ್ನು ಹಸಿರು ತೋರಿಸುತ್ತಿತ್ತು. ಫಾರೆಸ್ಟ್ ಗಾರ್ಡ್ ರಜನೀಶ್ ನೀರಿನ ಟ್ಯಾಂಕರ್ ತರಿಸಿದ್ದ. ಗುಡ್ಡದ ಮೇಲೆ ಒಂದು ತುಂಡು ಜಾಗದ ಸುತ್ತ ಹುಲ್ಲು ಕೆರೆದು, ಒಳಗೆ ಬೆಂಕಿ ಹಚ್ಚಿದೆವು. ಮೇಕೆ ಹೊಡೆದುಕೊಂಡು ಬಂದ ಚನ್ನಪ್ಪ ಚಿಕ್ಕಪ್ಪನಿಗೆ ನಾನೇ, "ಇವತ್ತು ಬೆಂಕಿ ಓಡಲ್ಲ ಚಿಕ್ಕಪ್ಪ, ಇಲ್ಲೇ ಪಕ್ಕದಲ್ಲಿ ಮೇಯಿಸ್ಕೊಳಿ" ಎಂದಿದ್ದೆ. ಲೆಕ್ಕದ ಪ್ರಕಾರ ಅದು ಹೊಗೆಯಾಡಿ ಆರಬೇಕಿತ್ತು. ಒಂದೇ ಗಾಳಿಗೆ ಕೆರೆದ ಗೆರೆ ದಾಟಿಬಿಟ್ಟಿತು. "ಮೇಡಂ, ಇದು ನಿಲ್ಲಾಕಿಲ್ಲ, ಇಂದಕ್ ಬನ್ನಿ!" ಎಂದು ಕೂಗಿ ರಜನೀಶ್ ಟ್ಯಾಂಕರಿನತ್ತ ಓಡಿದ. ನಾನು ಹಸಿ ಸೊಪ್ಪು ಹಿಡಿದು ಬಡಿದೆ. ಚಿಕ್ಕಪ್ಪ ಹೊಗೆಯೊಳಗೆ ನುಗ್ಗಿ ಮೇಕೆಗಳನ್ನು ಬಂಡೆಯ ಮೇಲಕ್ಕೆ ಅಟ್ಟಿದರು. ಗಬ್ಬದ ಮೇಕೆಯೊಂದರ ಪಕ್ಕೆ ಸುಟ್ಟಿತು. ಈಗ ಮೇಯುತ್ತಿದೆ, ನಾನೇ ಹೋಗಿ ಮುಲಾಮು ಹಚ್ಚುತ್ತೇನೆ.

ಟ್ಯಾಂಕರಿನ ನೀರಿಗೆ ಬೆಂಕಿ ಆರಿದ ಮೇಲೆ ಭಯಕ್ಕಿಂತ ಹೆಚ್ಚಾಗಿ ಕಾಡಿದ್ದು ಒಂದೇ: ಹಸಿರು ಎಂದದ್ದು ಯಾಕೆ? ಮರುದಿನ ಊರ ಹತ್ತಿರದ ತರಗೆಲೆ, ಗುಡ್ಡದ ತರಗೆಲೆ ಎರಡನ್ನೂ ತಂದು ತೂಗಿ, ಒಣಗಿಸಿ, ಮತ್ತೆ ತೂಗಿದೆ. ಊರಿನದು ಅರ್ಧಕ್ಕೆ ಇಳಿಯಿತು. ಗುಡ್ಡದ್ದು ಹಾಗೇ ಇತ್ತು, ಕಳೆದುಕೊಳ್ಳಲು ಅದರಲ್ಲಿ ನೀರೇ ಇರಲಿಲ್ಲ! ಮಳೆ ಊರಿಗಷ್ಟೇ ಬಂದಿತ್ತು. ಪೆಟ್ಟಿಗೆ ಇರುವುದೂ ಊರಲ್ಲೇ, ಕಾಲುವೆ ಪಕ್ಕ. ಊರಿನ ಒದ್ದೆಯನ್ನು ಕಂಪ್ಯೂಟರು ಗುಡ್ಡದ ಲೆಕ್ಕಕ್ಕೂ ಹಾಕಿಬಿಟ್ಟಿತ್ತು. ಗೊತ್ತಾದಾಗ ಒಬ್ಬಳೇ ನಕ್ಕುಬಿಟ್ಟೆ.

ನಾಳೆಯಿಂದಲೇ ಊರವರ ಮೊಬೈಲಿಗೆ ಈ ಬಣ್ಣದ ಸೂಚನೆ ಕಳಿಸಬೇಕೆಂದು ಹಾಸನದ ನಮ್ಮ ಸಾಹೇಬರಿಗೆ ಆತುರವಿತ್ತು. ಹಸಿರು ನಂಬಿ ಯಾರಾದರೂ ಕಬ್ಬಿನ ಸೋಗೆಗೆ ಬೆಂಕಿ ಇಟ್ಟರೆ ಏನು ಗತಿ ಎಂದು ಕೇಳಿ, ಬೇಡವೇ ಬೇಡವೆಂದೆ. ಮುಖ ಸಿಂಡರಿಸಿದರು. ಕೊನೆಗೆ, ಗುಡ್ಡದ ಮೇಲೊಂದು ಪೆಟ್ಟಿಗೆ ಕೂರುವವರೆಗೆ ಕಾಯಲು ಒಪ್ಪಿದರು.

ಕಿವಿಗೆ ನೀರು ತಾಕಿಸಬೇಡಿ. ಅಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸಿ.

ನಿಮ್ಮ ಮಗಳು,
ಮೇಘಶ್ರೀ

ತಾ.ಕ.: ಪೆಟ್ಟಿಗೆಗೆ ತಕ್ಕ ಬಯಲಿರುವುದು ಗುಡ್ಡದ ಮೇಲಿನ ಚಿಕ್ಕಪ್ಪನ ಹುರುಳಿ ಹೊಲದಲ್ಲಿ ಮಾತ್ರ. ಕೇಳಿದ್ದಕ್ಕೆ, "ನಿನ್ ಮಾತ್ ಕೇಳಿ ಒಂದ್ಸಲ ಕೆಟ್ಟೆ ಕಣವ್ವಾ. ಅಣ್ಣ ಕೈಯಾರೆ ಬರ್ದು ಏಳ್ಲಿ, ಆಮ್ಯಾಕೆ ನೋಡಾನ" ಎಂದುಬಿಟ್ಟರು. ಅವರ ಸಿಟ್ಟು ನ್ಯಾಯವೇ. ಜೋರು ಮಾಡಬೇಡಿ, ಕೇಳಿಕೊಳ್ಳಿ. ಈ ಪತ್ರ ಸಿಕ್ಕ ದಿನವೇ ಒಂದು ಸಾಲು ಬರೆದು, ಅಕ್ಕನಿಂದ ಫೋಟೋ ತೆಗೆಸಿ ಕಳಿಸಿ. ಗುಡ್ಡದಲ್ಲಿ ಎಲೆ ಉದುರುವುದು ಇನ್ನೂ ನಿಂತಿಲ್ಲ, ಬೆಂಕಿಗೆ ಮೇವು ದಿನಾ ಹೆಚ್ಚುತ್ತಿದೆ.