ಮರಕ್ಕೆ ಸೊಂಟ ಉಂಟಾ?

ಮರ್ಕಂಜ
11 ನವೆಂಬರ್ 2025, ಮಂಗಳವಾರ

ಪ್ರೀತಿಯ ರಸೀನಾಳಿಗೂ, ಸದ್ಯ ಅವಳೊಳಗೆ ಬಾಡಿಗೆಗೆ ಕೂತಿರುವ ಸಿಟ್ಟಿನ ರಸೀನಾಳಿಗೂ,

ಇಬ್ಬರೂ ಒಟ್ಟಿಗೆ ಓದಿಕೊಳ್ಳಿ. ನೀನು ನನ್ನನ್ನು ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿ ಇವತ್ತಿಗೆ ಒಂಬತ್ತು ದಿನ. ಫೋನ್ ಮಾಡಿದರೆ ಅರ್ಧ ರಿಂಗಿಗೇ ಕಟ್. ಹಾಗಾಗಿ ನಾಳೆ ಬೆಳಿಗ್ಗೆಯ ಪುತ್ತೂರು ಬಸ್ಸಿನ ಕಂಡಕ್ಟರಣ್ಣನ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ಅವರನ್ನು ಬ್ಲಾಕ್ ಮಾಡಲು ನಿನ್ನಿಂದಾಗದು. ಅವರು ದಿನಾ ಚಾ ಕುಡಿಯುವುದೇ ನಿನ್ನ ಫೋಟೋ ಸ್ಟುಡಿಯೋದ ಎದುರು.

ಕ್ಷಮೆಯ ವಿಷಯ ಆಮೇಲೆ. ಮೊದಲು ಸುದ್ದಿ. ರಸೀನಾ, ನಮ್ಮ ಚಿತ್ರದ ಮನುಷ್ಯ ಹೊಳೆ ದಾಟುವುದು ಹೇಗೆಂದು ಗೊತ್ತಾಯಿತು! ಅವಸರದಲ್ಲಿ ಗೀಚುತ್ತಾ ಇದ್ದೇನೆ. ಅಕ್ಷರ ಓದಲಾಗದಿದ್ದರೆ ನಿನ್ನ ಎಐ ಹತ್ತಿರ ಓದಿಸು.

ನಾವು ಕಚ್ಚಾಡಿದ್ದು ಬರೀ ಹನ್ನೆರಡು ಸೆಕೆಂಡಿಗೆ ಅಲ್ಲವಾ? ನಾಲ್ಕು ನಿಮಿಷದ ಚಿತ್ರದಲ್ಲಿ ಬೇರೆಲ್ಲ ಮುಗಿದಿತ್ತು. ರಸ್ತೆಯ ಗುಂಡಿಗಳ ಮೇಲೆ ಮುನಿಸಿಕೊಂಡು, ನೆಲಕ್ಕೆ ಕಾಲೇ ಇಡದೆ, ಅಡಿಕೆ ಮರದಿಂದ ಅಡಿಕೆ ಮರಕ್ಕೆ ದಾಟುತ್ತಾ, ಮಗಳ ಮದುವೆ ಕಾಗದ ಕೊಡಲು ಮರ್ಕಂಜದಿಂದ ಆಲಂಕಾರಿಗೆ ಹೊರಟ ಪುಣ್ಯಾತ್ಮ. ಅವನನ್ನು ಅಡಿಕೆ ಹಾಳೆಯಲ್ಲಿ ಕತ್ತರಿಸಿ, ಕೈಕಾಲಿಗೆ ನೂಲಿನ ಗಂಟು ಹಾಕಿ, ಸೆಕೆಂಡಿಗೆ ಹನ್ನೆರಡು ಫೋಟೋದ ಲೆಕ್ಕದಲ್ಲಿ ಮೇಜಿನ ಮೇಲೆ ಕೂದಲೆಳೆಯಷ್ಟೇ ಸರಿಸುತ್ತಾ ನಡೆಸಿದವಳು ನಾನು. ಅವನ ಹಿಂದಿನ ಗುಡ್ಡ, ಮೋಡ, ಹೊಳೆಯನ್ನು ಎಐಗೆ ಹೇಳಿ ಹೇಳಿ ಬರೆಸಿದವಳು ನೀನು. ಮರದಿಂದ ಮರಕ್ಕೆ ದಾಟುವಲ್ಲೆಲ್ಲ ಒಂದು ಮೋಡ ಅಡ್ಡ ತಂದು ಪ್ರೇಕ್ಷಕರ ಕಣ್ಣಿಗೆ ಮಣ್ಣೆರಚಿದೆವು. ಕುಮಾರಧಾರೆಯ ಹತ್ತಿರ ಮಾತ್ರ ಆ ಆಟ ನಡೆಯುವ ಹಾಗಿರಲಿಲ್ಲ. ಆ ಹೊಳೆಯೇ ನಮ್ಮ ಕಥೆ.

ನಿನ್ನ ಎಐ ಎಂತೆಂತ ಮಾಡಿತು ನೆನಪುಂಟಾ? ಮೊದಲು ಅವನನ್ನು ಮರದಿಂದ ಇಳಿಸಿ, ಮರ್ಯಾದಸ್ಥನ ಹಾಗೆ ದೋಣಿಯಲ್ಲಿ ಕೂರಿಸಿತು. ಆಮೇಲೆ ಬೆನ್ನಿಗೆ ರೆಕ್ಕೆ ಕೊಟ್ಟಿತು. ಏಳನೇ ಸಲ ಮನುಷ್ಯನನ್ನೇ ಮರೆತು, ಮರವನ್ನು ಹೊಳೆಯ ಮೇಲೆ ಬಿಲ್ಲಿನಂತೆ ಬಾಗಿಸಿಬಿಟ್ಟಿತು. ನೀನು ಅದನ್ನೇ ನಾಲ್ಕು ಸಲ ನೋಡಿ, "ಪ್ರಣೀ, ಇದರಲ್ಲಿ ಎಂತದೋ ಉಂಟು, ಬಿಡುದು ಬೇಡ" ಎಂದೆ. ನಾನು ನಕ್ಕು, "ಮರಕ್ಕೆ ಸೊಂಟ ಉಂಟಾ? ಅಡಿಕೆ ತೋಟದವಳಿಗೆ ನೀನು ಮರ ಕಲಿಸುದಾ?" ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. "ನೀನು ಬಟನ್ ಒತ್ತುದು, ಕಲೆ ಮಾಡುದು ನಾನು" ಎಂದೂ ಅಂದೆ. ಅದೂ ಅಮ್ಮನ ಎದುರು. ನೀನು ಅರ್ಧ ಚಾ ಬಿಟ್ಟು ಎದ್ದು ಹೋದೆ. ಅಮ್ಮ ಆ ಲೋಟ ತೊಳೆಯುವಾಗ ನನ್ನನ್ನೂ ಎಷ್ಟು ತೊಳೆದರೆಂದು ಇಲ್ಲಿ ಬರೆಯುದಿಲ್ಲ.

ನೀನು ಹೋದ ಮೇಲೆ ಹಟ ಹಿಡಿದು ಆ ಹನ್ನೆರಡು ಸೆಕೆಂಡನ್ನು ನಾನೊಬ್ಬಳೇ ಮಾಡಿದೆ. ನೂರ ನಲವತ್ತನಾಲ್ಕು ಫೋಟೋ, ನಾಲ್ಕು ದಿನ, ಒಂದು ಸೊಂಟ. (ಮರಕ್ಕಿಲ್ಲದಿದ್ದರೂ ನನಗುಂಟು ಎಂದು ಆಗ ಗೊತ್ತಾಯಿತು.) ಮರವನ್ನು ನೆಟ್ಟಗೆ ಹಲಗೆಗೆ ಅಂಟಿಸಿ, ಮನುಷ್ಯನನ್ನು ಈಚೆ ದಡದಿಂದ ಆಚೆ ದಡಕ್ಕೆ ಹಾರಿಸಿದೆ. ಬಹಳ ಚಂದ ಬಂದಿದೆ ಎಂದುಕೊಂಡು, ಮೊನ್ನೆ ಕೊಯ್ಲಿಗೆ ಬಂದ ಚೆನ್ನಕೇಶವಣ್ಣನಿಗೆ ತೋರಿಸಿದೆ. ಮೂವತ್ತು ವರ್ಷದಿಂದ ಕಾಲಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು ನಮ್ಮ ಮರ ಹತ್ತುತ್ತಿರುವ ಜನ. ನೋಡಿದವರೇ ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಕೂತುಬಿಟ್ಟರು.

"ಇವ ಅಡಿಕೆ ಕೊಯ್ಯುವವನಾ, ಮಂಗನಾ ಮಾರಾಯ್ತಿ? ನಾವು ಹಾರುದು ಯಾವಾಗ ನೋಡಿದ್ದಿ? ಕೂತ ಮರವನ್ನು ತೂಗುದು ಮಗಾ. ಅದು ಬಾಗಿ ನಮ್ಮನ್ನು ಆಚೆ ಮರದ ಕೈಗೆ ಕೊಡ್ತದೆ. ಅಷ್ಟು ಹೊತ್ತು ನಾವು ಅಪ್ಪಿ ಹಿಡ್ಕೊಂಡು ಸುಮ್ಮನೆ ಕೂರುದು. ಅವಸರ ಮಾಡಿದವ ಬೀಳುದು."

ರಸೀನಾ, ನಾನು ಹುಟ್ಟಿದ್ದು ಆ ಮರಗಳ ಬುಡದಲ್ಲಿ. ಆದರೆ ಬುಡದಲ್ಲಿ ಮಾತ್ರ! ಕೊಯ್ಲಿನ ದಿನ ನಾವು ಕೆಳಗಿನವರು. ಉದುರಿದ ಅಡಿಕೆ ಹೆಕ್ಕುವವರು. ಮೇಲೆ ನೋಡಿದರೆ ಕಣ್ಣಿಗೆ ಕಸ ಬೀಳ್ತದೆ ಎಂದು ಅಮ್ಮ ಚಿಕ್ಕಂದಿನಲ್ಲೇ ತಲೆ ಬಗ್ಗಿಸಿ ನಿಲ್ಲಿಸಿದ್ದಾರೆ. ಇಪ್ಪತ್ತನಾಲ್ಕು ವರ್ಷ ನಾನು ಬರೀ ನೆಲ ನೋಡಿಕೊಂಡು ತೋಟದವಳೆಂದು ಜಂಬ ಕೊಚ್ಚಿದ್ದು.

ನಿನ್ನ ಯಂತ್ರಕ್ಕೂ ಚೆನ್ನಕೇಶವಣ್ಣ ಗೊತ್ತಿಲ್ಲ. ಅದು ತಪ್ಪು ಮಾಡಲು ಹೋಗಿ ಸರಿ ಮಾಡಿತು, ಅಷ್ಟೆ. ಆದರೆ ಆರು ಕಸದ ನಡುವೆ ಏಳನೆಯದರಲ್ಲಿ ಎಂತದೋ ಉಂಟು ಎಂದು ಕಂಡವಳು ನೀನು. ಅದಕ್ಕೆ ಯಾವ ಬಟನ್ನೂ ಇಲ್ಲ, ಮಾರಾಯ್ತಿ. ಬೇಕಾದರೆ ಇದನ್ನೇ ಕ್ಷಮೆ ಎಂದು ಓದಿಕೋ. ಸಾಲದಿದ್ದರೆ ಬಂದು ಬೈದು ಹೋಗು.

ನಿನ್ನೆ ಒಂದು ಪ್ರಯೋಗ ಮಾಡಿದೆ. ಆ ಬಾಗಿದ ಮರದ ತುಣುಕಿನಲ್ಲಿ ಒಂದೇ ಒಂದು ಸೆಕೆಂಡು ನನ್ನ ಫೋನಿನಲ್ಲಿ ಉಳಿದಿತ್ತು. ಸುಳ್ಯದ ಜೆರಾಕ್ಸ್ ಅಂಗಡಿಗೆ ಓಡಿ ಅದರ ಹನ್ನೆರಡು ಚಿತ್ರಗಳನ್ನೂ ಪ್ರಿಂಟ್ ಹಾಕಿಸಿದೆ. ಒಂದೊಂದರ ಮೇಲೂ ನಮ್ಮ ಹಾಳೆ ಮನುಷ್ಯನನ್ನು ಮರ ಅಪ್ಪಿಸಿ ಮಲಗಿಸಿ ಫೋಟೋ ತೆಗೆದೆ. ಓಡಿಸಿದರೆ ಎಂತ ಕಾಣುದು! ಅವ ಅಲುಗುದೇ ಇಲ್ಲ. ಮರ ಅವನನ್ನು ಮಗುವಿನ ಹಾಗೆ ಎತ್ತಿಕೊಂಡು ನೀರಿನ ಮೇಲೆ ಹೊರಟಿದೆ. ನಿನ್ನ ಮರವಿಲ್ಲದೆ ಅವ ಬೊಂಬೆ, ಅವನಿಲ್ಲದೆ ನಿನ್ನ ಮರ ಬರೀ ಎಡವಟ್ಟು. ಚೆನ್ನಕೇಶವಣ್ಣ ಈ ಸಲ ನಗಲಿಲ್ಲ. ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಇದು ನನ್ನ ಮರ" ಎಂದರು. ಅಮ್ಮ ಮಾತ್ರ, "ಆ ಹುಡುಗಿಗೆ ತೋರಿಸಿದ್ದಿಯಾ?" ಎಂದು ಕೇಳಿದರು.

ನನ್ನ ಹತ್ತಿರ ಇರುವುದು ಒಂದು ಸೆಕೆಂಡು, ಹನ್ನೊಂದು ನಿನ್ನ ಕಂಪ್ಯೂಟರಿನಲ್ಲಿ. ಅಳಿಸಿರುವುದಿಲ್ಲ ಎಂಬ ಧೈರ್ಯ ಉಂಟು. ಮದುವೆ ಆಲ್ಬಮ್ಮಿನಲ್ಲಿ ಕಣ್ಣು ಮುಚ್ಚಿದ ಮಾವಂದಿರನ್ನೂ ಬಿಸಾಡದವಳು ನೀನು. ಮಂಗಳೂರಿನ ಚಿತ್ರೋತ್ಸವಕ್ಕೆ ಶುಕ್ರವಾರ ಸಂಜೆ ಐದರೊಳಗೆ ಕಳಿಸಬೇಕು. ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಟು ಬಾ. ಎರಡು ರಾತ್ರಿ, ಎರಡು ಹಗಲು, ನಾಲ್ಕು ಕೈ. ಆಗ್ತದೆ!

ಹಾಳೆ ಕತ್ತರಿಸುವ ಭರದಲ್ಲಿ ಗೆಳೆತನಕ್ಕೂ ಕತ್ತರಿ ಹಾಕಿದ,
ನಿನ್ನ
ಪ್ರಣೀತಾ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಬರೆಯಲು ಧೈರ್ಯ ಬರಲಿಲ್ಲ. ನೀನು ಎದ್ದು ಹೋದ ಸಂಜೆಯೇ ಸಿಟ್ಟಿನಲ್ಲಿ ಚಿತ್ರೋತ್ಸವದ ಅರ್ಜಿ ತುಂಬಿಸಿ ಕಳಿಸಿದ್ದೆ. ನಿರ್ದೇಶಕರು ಎಂಬಲ್ಲಿ ನನ್ನ ಹೆಸರೊಂದೇ ಹಾಕಿದೆ. ನಿನಗೆ ಇದು ಗೊತ್ತಿಲ್ಲ, ಬೇರೆಯವರಿಂದ ಗೊತ್ತಾಗುವುದು ಬೇಡ. ನಿನ್ನೆ ಅವರಿಗೆ ಫೋನ್ ಮಾಡಿದೆ. ಇಬ್ಬರ ಸಹಿಯಿರುವ ಹೊಸ ಅರ್ಜಿ ಕೊಟ್ಟರೆ ತಿದ್ದುತ್ತಾರಂತೆ. ಅದು ಈ ಕಾಗದದ ಜೊತೆಗೇ ಉಂಟು. ಮೊದಲ ಹೆಸರು ನಿನ್ನದು, ಎರಡನೆಯದು ನನ್ನದು. ನಾನು ಸಹಿ ಹಾಕಿದ್ದೇನೆ. ನಿನಗೆ ಮನಸ್ಸಿಲ್ಲದಿದ್ದರೆ ನಿನ್ನ ಜಾಗ ಖಾಲಿ ಬಿಟ್ಟು ಅದೇ ಬಸ್ಸಿನಲ್ಲಿ ವಾಪಸು ಕಳಿಸು. ಹಳೆಯ ಅರ್ಜಿಯನ್ನೂ ಹಿಂದೆ ತೆಗೆದುಕೊಳ್ಳುತ್ತೇನೆ, ಚಿತ್ರ ಕಳಿಸುದೇ ಇಲ್ಲ. ಒಬ್ಬಳ ಹೆಸರಿನಲ್ಲಿ ಅದು ಎಲ್ಲಿಗೂ ಹೋಗುದಿಲ್ಲ.