ತುಂಗಕ್ಕ ತೂಗಾಡಿದ ನಾಲ್ಕು ವರ್ಷ

ಡ್ರಾಯಿಂಗ್ ಮಾಸ್ತರ್ರಿಗೆ,

ಶಿರಸಿಯಿಂದ ನಿಮ್ಮ ರೇಣುಕಾ. ನಮಸ್ಕಾರ ಆಮೇಲೆ, ಮೊದಲು ಜಗಳ. ನೀವು ಹೋಗಿ ಐದು ತಿಂಗಳಾಯ್ತು, ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಹೇಳಿದ ದಿನಕ್ಕೆ ಜನ್ಮದಲ್ಲಿ ಒಂದು ಕೆಲಸ ಮುಗಿಸದ ಮನುಷ್ಯ, ಇದೊಂದಕ್ಕೆ ಮಾತ್ರ ಅಷ್ಟು ಅವಸರ ಮಾಡೋದಾ?

ನೀವು ಮೊದಲ ಸಲ ನನ್ನ ಅಂಗಡಿ ಮೆಟ್ಟಿಲು ಹತ್ತಿದ್ದು ನೆನಪಿದೆ. ಹಳೇ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್, ಡಿಟಿಪಿ, ಲಗ್ನಪತ್ರಿಕೆಯ ಅಂಗಡಿ. ಉಮ್ಮಚಗಿಯಿಂದ ಬಸ್ಸಿನಲ್ಲಿ ಬಂದ ನೀವು, ಹಳೇ ಕ್ಯಾಲೆಂಡರಿನಲ್ಲಿ ಸುತ್ತಿದ್ದ ಹಾಳೆಗಳನ್ನು ಕೌಂಟರ್ ಮೇಲೆ ಹರಡಿದ್ರಿ. ಸೈಕಲ್ ಮೇಲೆ ಟಪಾಲು ಚೀಲ ಏರಿಸಿಕೊಂಡ ಗಟ್ಟಿಮುಟ್ಟಾದ ಹೆಂಗಸು, ಹಿಂದೆ ಘಟ್ಟ. ‘ಟಪಾಲು ತುಂಗಕ್ಕ’. ಕಾಡಿರಲಿ ಹೊಳೆಯಿರಲಿ, ಕಾಗದ ಮುಟ್ಟಿಸುವುದರಲ್ಲಿ ಒಂದು ದಿನವೂ ತಡ ಮಾಡದವಳು. ಅವಳನ್ನು ಬಿಡಿಸುವವರು ಮಾತ್ರ… ಇರಲಿ. “ಕಾಮಿಕ್ಸ್ ಓದ್ಲಿಕ್ಕೆ ಇಲ್ಲಿ ಯಾರಿದ್ದಾರ್ರಿ ಮಾಸ್ತರ್ರೇ?” ಅಂತ ಕೇಳಿದೆ. “ನೀನಿದ್ದೀಯಲ್ಲ ತಂಗಿ, ನಾನು ನೋಡ್ತಾ ಇದ್ದ ಹಾಗೇ ಎರಡು ಸಲ ಓದಿದೆ” ಅಂದ್ರಿ. ಹೌದು, ಓದಿದ್ದೆ.

ಮೂರನೇ ಸಂಚಿಕೆಯ ಹೊತ್ತಿಗೆ ನೀವು ನನ್ನ ಕೈಗೆ ಬ್ರಶ್ ಕೊಟ್ಟ ದಿನ ಇನ್ನೊಂದು. ಅಲ್ಲಿಯವರೆಗೆ ಮಾತಿನ ಗುಳ್ಳೆಯೊಳಗೆ ಅಕ್ಷರ ಬರೆಯೋದು ಅಷ್ಟೇ ನನ್ನ ಕೆಲಸ. “ಇನ್ನು ಮೇಲೆ ಮರ, ಹಂಚು, ಕಲ್ಲು ನಿನ್ನದು. ಮುಖ ನನ್ನದು” ಅಂತ ಹಂಚಿಬಿಟ್ರಿ. ನಾನು ಒಂದು ದಿನಕ್ಕೆ ಇಡೀ ಊರಿನ ಹಂಚು ಹೊದಿಸಿ ಮುಗಿಸ್ತಿದ್ದೆ. ನೀವು ಒಂದು ಮುಖಕ್ಕೆ ತಿಂಗಳು ತಗೊಳ್ತಿದ್ರಿ. ಯಾಕೆ ಅಂದ್ರೆ, ಕಣ್ಣಾರೆ ನೋಡದೆ ಏನನ್ನೂ ಬಿಡಿಸಬಾರದಂತೆ! ಕಥೆಯಲ್ಲಿ ಒಬ್ಬ ಮೀಸೆ ಮಾವ ಬರಬೇಕು ಅಂದ್ರೆ ಅಂಥ ಮೀಸೆ ಹುಡುಕಿಕೊಂಡು ವಜ್ರಳ್ಳಿಗೆ ಹೋದವರು, ಸಿಕ್ಕಿದ ಮನೆಯಲ್ಲಿ ಎರಡು ದಿನ ಉಂಡು ಬಂದ್ರಿ. ಫೋಟೋ ತೆಗೆಸಿಕೊಂಡು ಬರಬಹುದಲ್ರಿ ಅಂದರೆ, “ಫೋಟೋದ ಮೀಸೆ ಅಲ್ಲಾಡೋದಿಲ್ಲ ತಂಗಿ” ಅಂತ ನಗೋರು.

‘ಯುಗಾದಿಗೆ ಖಂಡಿತ’ ಅಂತ ಹಿಂದಿನ ರಕ್ಷಾಪುಟದಲ್ಲಿ ಹಾಕಿಸಿದ್ದು ಯಾವ ಧೈರ್ಯದ ಮೇಲೆ, ಹೇಳಿ ನೋಡುವಾ? ಪುಸ್ತಕ ಕೈಗೆ ಸಿಕ್ಕಿದ್ದು ಚೌತಿಗೆ. ಮುಂದಿನ ಸಲವೂ ಅದೇ ಕಥೆ. ಆಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆಯ ಓದುಗರು ನಿಮ್ಮ ಪಂಚಾಂಗ ಕಲಿತುಬಿಟ್ರು. ‘ಮಾಸ್ತರ ಯುಗಾದಿ’ ಅಂದ್ರೆ ಊರಿನ ಚೌತಿ, ‘ಮಾಸ್ತರ ಚೌತಿ’ ಅಂದ್ರೆ ಶಿವರಾತ್ರಿ. ಜನ ನಗ್ತಿದ್ರು, ಬೈಗುಳ ಮಾತ್ರ ನನ್ನ ಪಾಲಿಗೆ. ಅಂಗಡಿಯ ನಂಬರು ಪುಸ್ತಕದ ಮೇಲೆ ಇತ್ತಲ್ಲ.

ಹನ್ನೊಂದನೇ ಸಂಚಿಕೆಯ ಕೊನೇ ಪುಟ ನೋಡಿದಾಗ ನಾನು ನಿಮ್ಮ ಕೈ ಕುಲುಕಿದ್ದೆ. ಈಗ ನೆನೆಸಿಕೊಂಡರೆ ಆ ಕೈ ತಿರುಚಬೇಕಿತ್ತು ಅನ್ನಿಸ್ತದೆ. ತೂಗುಸೇತುವೆ ಹರಿದಿದೆ, ಕೆಳಗೆ ಹೊಳೆ ಕೆಂಪಗೆ ಉಕ್ಕುತ್ತಿದೆ. ತುಂಗಕ್ಕನ ಒಂದು ಕೈಯಲ್ಲಿ ಸೇತುವೆಯ ತಂತಿ, ಇನ್ನೊಂದರಲ್ಲಿ ಟಪಾಲು ಚೀಲ. ಆಚೆ ದಡದವರು ಆರು ತಿಂಗಳಿಂದ ಕಾಯ್ತಿರುವ ಕಾಗದ ಅದರಲ್ಲಿದೆ. ಎರಡೂ ಕೈಯಲ್ಲಿ ತಂತಿ ಹಿಡಿಯದೆ ಅವಳು ಉಳಿಯೋದಿಲ್ಲ, ಚೀಲ ಬಿಟ್ಟರೆ ಅವಳು ತುಂಗಕ್ಕ ಅಲ್ಲ. ಮುಂದೇನು? ಅದೇ ನಿಮಗೂ ಗೊತ್ತಿರಲಿಲ್ಲ! ಹಾಗೆ ನೇತುಹಾಕಿ ಹೋದವರು ನಾಲ್ಕು ವರ್ಷ ಅವಳನ್ನು ಇಳಿಸಲಿಲ್ಲ.

ಗಂಗಕ್ಕನ ಮೊದಲ ಫೋನು ಬಂದಾಗ ನೀವು ನನ್ನೆದುರೇ ಕೂತು ಚಹಾ ಕುಡೀತಿದ್ರಿ. “ಏ ಕೂಸೇ, ಆನು ಕಾನಸೂರು ಹಿಟ್ಟಿನ ಗಿರಣಿ ಗಂಗಕ್ಕ. ನಿನ್ನ ಮಾಸ್ತರಂಗೆ ಎಂತ ಆಜು? ತುಂಗಕ್ಕ ನೇತಾಡ್ತಾ ವರ್ಷ ಆತು. ಅದಕ್ಕೆ ಹಸಿವೆ ಆಗ್ತಿಲ್ಯನೇ?” ಹಿಂದಿನಿಂದ ಗಿರಣಿಯ ಸದ್ದು ಬೇರೆ. ನಾನು ಫೋನು ನಿಮ್ಮ ಕಿವಿಗೆ ಹಿಡಿದರೆ ನೀವು ಚಹಾದ ಕಪ್ಪು ಹಿಡಿದುಕೊಂಡೇ ಹೊರಗೆ ಹೋಗಿ ನಿಂತ್ರಿ. ಆಮೇಲೆ ಪ್ರತಿ ಸೋಮವಾರ ಫೋನು. ನಿಮ್ಮ ಪರವಾಗಿ ನಾನು ಹೇಳಿದ ಸುಳ್ಳುಗಳು ಒಂದಾ ಎರಡಾ? ಜ್ವರ, ಕೈ ಉಳುಕು, ಮನೆಯಲ್ಲಿ ಮದುವೆ.

ಮತ್ತೊಂದು ದಿನ ಬಸ್ಸಿನಲ್ಲಿ ಒಂದು ಗೋಣಿಗಂಟು ಬಂತು. ಕಂಡಕ್ಟರು ನಗುತ್ತಾ ಇಳಿಸಿ ಹೋದ. ನೀವು ಬಿಚ್ಚಿದ್ರೆ ಅಂಗಿ ತುಂಬ ಹಿಟ್ಟು. ಒಳಗೆ ಒಂದು ಸುರುಳಿ ತೆಂಗಿನ ನಾರಿನ ಹಗ್ಗ, ತುದಿಗೆ ಕೆಂಪು ಬಟ್ಟೆ ಕಟ್ಟಿದ್ದು, ಜೊತೆಗೊಂದು ಚೀಟಿ: ‘ತುಂಗಕ್ಕಂಗೆ ಕೊಡಿ. ಅದರ ಕೈ ಸೋತಿಕ್ಕು. ಗಂಗಕ್ಕ.’ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀವು ನಗಲಿಲ್ಲ. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಮನೆ ಕಡೆಯ ಯಲ್ಲಾಪುರ ಬಸ್ಸು ಹತ್ತಿದ್ರಿ. ನಿಮಗೆ ಬೇಜಾರಾಯ್ತು ಅಂದುಕೊಂಡೆ ನಾನು.

ಈಗ ಹೇಳೋದು ನಾವಿಬ್ಬರೂ ಕೊನೆಯ ಸಲ ಸೇರಿದ ದಿನದ ಮಾತು. ಹೇಳಲೇಬೇಕು. ಹೋದ ದೀಪಾವಳಿ ಕಳೆದ ವಾರ ಬೆಳಿಗ್ಗೆ ಬಂದ್ರಿ. “ಬರುವ ಯುಗಾದಿಗೆ ಕೊಟ್ಟೇ ಕೊಡ್ತೇನೆ ತಂಗಿ, ಅಂಗಡಿ ಅಂಗಡಿಗೆ ಚೀಟಿ ಅಂಟಿಸು. ಒಂದು ಮುಖ ಬಾಕಿ. ಈಗ ಕಾನಸೂರಿಗೆ ಹೋಗಿ ನೋಡಿಕೊಂಡು ಬರ್ತೇನೆ” ಅಂದ್ರಿ. ನನ್ನ ತಲೆ ಎಲ್ಲಿತ್ತೋ. ಅವತ್ತೇ ಬೆಳಿಗ್ಗೆ ಮೂರು ಜನ ಬೈದಿದ್ದರು. “ಮತ್ತೆ ತಿರುಗಾಟನಾ? ಸಾಕ್ರಿ ನಿಮ್ಮ ನೋಡಿ ಬರೋದು! ಮನೆಗೆ ಹೋಗಿ ಸುಮ್ನೆ ಕೂತು ಬಿಡಿಸ್ರಿ” ಅಂತ ಗಿರಾಕಿಗಳ ಎದುರೇ ಕೂಗಿದೆ. ಕಾನಸೂರಿಗೆ ಹೋಗುವ ಸಿದ್ದಾಪುರ ಬಸ್ಸು ಅಲ್ಲೇ ನಿಂತಿತ್ತು, ನೀವು ಅದನ್ನು ಬಿಟ್ಟು ಮನೆ ಕಡೆಯ ಯಲ್ಲಾಪುರ ಬಸ್ಸು ಹತ್ತಿದ್ರಿ. ನನ್ನ ಮಾತು ಕೇಳಿದ್ದು ಅದೊಂದೇ ಸಲ. ಅದೊಂದು ಸಲ ಕೇಳದೇ ಇರಬಾರದಿತ್ತಾ ಮಾಸ್ತರ್ರೇ… ಹತ್ತು ದಿನಕ್ಕೆ ಎದೆನೋವು ಅಂದ್ರಂತೆ, ಆಸ್ಪತ್ರೆ ಮುಟ್ಟೋದರೊಳಗೆ ಎಲ್ಲ ಮುಗೀತಂತೆ.

ನಿಮ್ಮನ್ನು ಕಳಿಸಿ ಬಂದು ಕಾಲು ತೊಳೆದಿರಲಿಲ್ಲ, ಸಿದ್ದಾಪುರದ ಒಬ್ಬ ಓದುಗನ ಫೋನು. “ಮಾಸ್ತರ್ರು ಹೋದ್ರಂತೆ. ಪಾಪ. ಹಾಗಾದ್ರೆ ತುಂಗಕ್ಕ?” ಬಾಯಿಗೆ ಬಂದ ಹಾಗೆ ಬೈದು ಫೋನಿಟ್ಟೆ. ಆಮೇಲೆ ಕೂತು ಅತ್ತೆ. ಯಾಕೆಂದರೆ ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತು.

ಹದಿಮೂರು ದಿನ ಕಳೆದು ನಿಮ್ಮ ಮನೆಗೆ ಹೋದೆ. ನಿಮ್ಮ ಮನೆಯವರು, ನಾನು ಅಕ್ಕ ಅನ್ನೋರು, ನಿಮ್ಮ ಟೇಬಲ್ ಹಾಗೇ ಇಟ್ಟಿದ್ದರು. ಗೋಡೆಯ ಮೊಳೆಗೆ ಗಂಗಕ್ಕನ ಹಗ್ಗ. “ಇವರು ಹಗ್ಗ ನೋಡ್ತಾ ಕೂತುಬಿಡೋರು ಮಾರಾಯ್ತಿ, ನನಗೆ ಹೆದರಿಕೆ ಆಗಿತ್ತು” ಅಂದ್ರು ಅಕ್ಕ. ಕಪಾಟಿನಲ್ಲಿ ಹನ್ನೆರಡನೇ ಸಂಚಿಕೆ. ಇಡೀ ಸಂಚಿಕೆ, ಮಾಸ್ತರ್ರೇ! ಕೊನೇ ಪುಟದಲ್ಲಿ ಆಚೆ ದಡದ ಒಬ್ಬ ಹೆಂಗಸು ಹಗ್ಗ ಎಸೀತಿದ್ದಾಳೆ. ಹಗ್ಗದ ತುದಿಗೆ ಬಟ್ಟೆ ಕಟ್ಟಿದೆ. ತುಂಗಕ್ಕ ತಂತಿಯ ಕೈಗೆ ಹಗ್ಗ ಸುತ್ತಿಕೊಂಡರೆ ಸಾಕು, ಚೀಲ ಬಿಡಬೇಕಿಲ್ಲ, ಕಾಗದಕ್ಕೆ ಕಾದವಳೇ ಅವಳನ್ನು ಎಳ್ಕೊಳ್ತಾಳೆ. ಆ ಹೆಂಗಸಿನ ಸೀರೆ ಇದೆ, ಬಳೆ ಇದೆ, ಮುಖ ಇಲ್ಲ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ, ‘ಕಾನಸೂರು. ನೋಡಿ ಬರಬೇಕು.’ ಅಲ್ಲಿಯವರೆಗೂ ನಾನು, ಕಾನಸೂರಿನಲ್ಲಿ ಯಾವುದೋ ಮೀಸೆ ಹುಡುಕಲಿಕ್ಕೆ ಹೊರಟಿದ್ರಿ ಅಂತಲೇ ತಿಳಿದಿದ್ದೆ. ನಿಮ್ಮನ್ನು ಬಸ್‌ಸ್ಟ್ಯಾಂಡಿನಿಂದ ತಿರುಗಿಸಿ ಕಳಿಸಿದವಳು ನಾನೇ ಅಲ್ವಾ?

ಗಂಗಕ್ಕನ ಗಿರಣಿಗೆ ಹೋದದ್ದು ಒಂದು ಮಂಗಳವಾರ. ಫೋಟೋ ಕಳಿಸು ಅಂದಿದ್ದರೆ ಕಳಿಸ್ತಿದ್ದಳು, ಆದರೆ ನಿಮ್ಮ ಕಾನೂನು ಮುರಿಯಲಿಕ್ಕೆ ಮನಸ್ಸಾಗಲಿಲ್ಲ. ಯಾಕೆ ಬಂದೆ ಅಂತ ಪೂರ್ತಿ ಹೇಳಲಿಲ್ಲ, ಅವಳನ್ನೊಂದು ಸಲ ನೋಡಿ ಹೋಗಲಿಕ್ಕೆ ಅಂದೆ. “ಎನ್ನಲ್ಲಿ ನೋಡಲೆ ಎಂತ ಇದ್ದು? ಆನೆಂತ ತೂಗುಸೇತುವೆಯಾ?” ಅಂತ ಬೈದು ಮಣೆ ಕೊಟ್ಟಳು. ಅರವತ್ತು ದಾಟಿದ ಮುಖ, ಅಗಲ ಹಣೆ, ಎರಡೂ ಹುಬ್ಬಿನ ಮೇಲೆ ಹಿಟ್ಟು. ಬೈಯುವಾಗ ಎಡಗಡೆಯ ಹುಬ್ಬು ಮೇಲೆ ಹೋಗ್ತದೆ. ಫೋಟೋದಲ್ಲಿ ಅದು ಹೋಗ್ತಿರಲಿಲ್ಲ. ಮೂರು ತಾಸು ಕೂತು ನೋಡಿದೆ, ಬೈಸಿಕೊಂಡೆ, ಅವಲಕ್ಕಿ ತಿಂದೆ.

ಆ ಮುಖ ಬಿಡಿಸಲಿಕ್ಕೆ ಎಷ್ಟು ದಿನ ತಗೊಂಡೆ ಗೊತ್ತಾ? ನಗಬೇಡಿ. ಇಪ್ಪತ್ತಾರು ದಿನ. ಲಗ್ನಪತ್ರಿಕೆಯವರು ಬಂದು ಬೈದು ಹೋದ್ರು, ನಾನೂ ‘ಇನ್ನೆರಡು ದಿನ’ ಅಂತ ಅವರಿಗೆ ಅಂದೆ, ಥೇಟ್ ನಿಮ್ಮ ದನಿಯಲ್ಲಿ. ಆದರೆ ಚಲೋ ಬಂದಿದೆ ಮಾಸ್ತರ್ರೇ. ವಿನಯ ಗಿನಯ ಏನಿಲ್ಲ, ಚಲೋ ಬಂದಿದೆ. ನೀವಿದ್ದಿದ್ದರೆ ಮೂಗು ಒಂಚೂರು ತಿದ್ದುತ್ತಿದ್ರಿ, ಹುಬ್ಬಿಗೆ ಕೈ ಹಚ್ಚುತ್ತಿರಲಿಲ್ಲ.

ನೀವು ಹೇಳಿದ ಹಾಗೆ ‘ಯುಗಾದಿಗೆ’ ಅಂತ ಅಂಗಡಿ ಅಂಗಡಿಗೆ ಚೀಟಿ ಅಂಟಿಸಿದೆ. ಈ ಯುಗಾದಿಯ ಬೆಳಿಗ್ಗೆ ಮೊದಲ ಬಸ್ಸಿಗೆ ಕಾನಸೂರಿನ ಕಟ್ಟು ನಾನೇ ಹೊತ್ತುಕೊಂಡು ಹೋದೆ. ನಮ್ಮ ಪುಸ್ತಕ ಇಡುವ ಅಂಗಡಿಯವ ಇನ್ನೂ ಬೇವು ಬೆಲ್ಲ ಬಾಯಿಗಿಟ್ಟಿರಲಿಲ್ಲ. ಕಟ್ಟು ನೋಡಿ ಕಣ್ಣರಳಿಸಿದ. “ಇವತ್ತೇ ತಂದ್ರಾ? ಯಾರೂ ಬರೋದಿಲ್ಲ ಮಾರಾಯ್ರೆ. ಯುಗಾದಿ ಅಂದ್ರೆ ಚೌತಿ ಅಂತ ಎಲ್ಲರಿಗೂ ಗೊತ್ತುಂಟಲ್ಲ. ಗಿರಣಿ ಗಂಗಕ್ಕ ಒಬ್ಬಳು ಬರಬಹುದು. ಅವಳು ಪ್ರತಿ ಸಲ ನೀವು ಹೇಳಿದ ದಿನವೇ ಬಂದು ಕೇಳ್ತಾಳೆ, ಇಲ್ಲ ಅಂದ್ರೆ ತಿರುಗಿ ಹೋಗ್ತಾಳೆ.” ಪ್ರತಿ ಸಲ, ಕೇಳಿದ್ರಾ? ಮೂರು ತಾಲೂಕಿನವರು ನಿಮ್ಮ ದಿನಕ್ಕೆ ಆರು ತಿಂಗಳು ಕೂಡಿಸಿಕೊಂಡು ಆರಾಮಾಗಿದ್ದರು. ಸೋಮವಾರ ಸೋಮವಾರ ಬೈದವಳು ಒಬ್ಬಳೇ ನಿಮ್ಮ ಮಾತು ನಂಬಿ ಬರ್ತಿದ್ದಳು.

ಬಂದಳು. ಹೊಸ ಸೀರೆ ಉಟ್ಟಿದ್ದಳು, ಹಬ್ಬದ ದಿನ ಗಿರಣಿಗೆ ರಜೆ, ಹುಬ್ಬಿನಲ್ಲಿ ಹಿಟ್ಟಿರಲಿಲ್ಲ. ನಿಂತಲ್ಲೇ ಪುಟ ತಿರುವುತ್ತಾ ಹೋಗಿ ಕೊನೇ ಪುಟಕ್ಕೆ ನಿಂತಳು. ಬೆರಳಿನಿಂದ ತನ್ನ ಹುಬ್ಬು ಮುಟ್ಟಿ ನೋಡಿಕೊಂಡಳು. “ಮಾಸ್ತರ ಎನ್ನ ನೋಡಿದ್ದೇ ಇಲ್ಲೆ ಅಲ್ದನೇ?” ಅಂದಳು. ನಾನು ಎಲ್ಲ ಹೇಳಿಬಿಟ್ಟೆ. ಹಗ್ಗ ನಿಮ್ಮ ಗೋಡೆಯ ಮೇಲೆ ಇದ್ದದ್ದು, ನೀವು ಅವಳನ್ನು ನೋಡಲಿಕ್ಕೆ ಹೊರಟದ್ದು, ನಾನು ಕೂಗಾಡಿ ತಿರುಗಿಸಿ ಕಳಿಸಿದ್ದು. ಗಂಗಕ್ಕ ಬೈತಾಳೆ ಅಂತ ಕಾದೆ. ಅವಳು ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು, ನನ್ನ ಕೈ ಹಿಡಿದು, “ಹಗ್ಗ ಮುಟ್ಟಿತ್ತು ಅಲ್ದಾ ಕೂಸೇ? ಅಷ್ಟು ಸಾಕು ಬಿಡು” ಅಂದಳು.

ಇಷ್ಟು ತಿಳಿಸಲಿಕ್ಕೇ ಬರೆದೆ. ತುಂಗಕ್ಕ ದಡ ಹತ್ತಿದ್ದಾಳೆ, ಚೀಲ ಅವಳ ಕೈಯಲ್ಲೇ ಇದೆ. ಮತ್ತೆ, ನಮ್ಮ ಯುಗಾದಿ ಈ ಸಲ ಯುಗಾದಿಗೇ ಬಂತು, ಮಾಸ್ತರ್ರೇ.

ನಿಮ್ಮ ಜಗಳಗಂಟಿ,
ರೇಣುಕಾ