ಮಾರೂಲಾ ಅಜ್ಜಿಯ ಸೂಟ್‌ಕೇಸ್

ಸೈಪ್ರಸ್ಸನ್ನು ಮತ್ತೆ ಒಂದು ಮಾಡುವ ಹೊಣೆ ಹೊತ್ತ ಮಾನ್ಯ ಸಂಧಾನಕಾರರೇ,

ನೀವು ಎರಡೂ ಕಡೆಯವರ ಕೈಕುಲುಕಿಸಿ ಫೋಟೊ ತೆಗೆಸಿದಾಗಲೆಲ್ಲ ಇಲ್ಲಿ ಜರ್ಮನಿಯ ಫೊಯರ್‌ಬಾಕ್‌ನಲ್ಲಿ ಎಂಬತ್ತನಾಲ್ಕರ ಮುದುಕಿಯೊಬ್ಬರು ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸುತ್ತಾರೆ. ಮಾತುಕತೆ ಮುಂದೂಡಿದಾಗ ಅದನ್ನು ಮೇಲಿಡುವ ಕೆಲಸ ನನ್ನದು. ದ್ವೀಪ ಒಂದಾಗುತ್ತದೋ ಇಲ್ಲವೋ ಎಂದು ನೀವು ಒಮ್ಮೆಯೂ ಹೇಳುವುದಿಲ್ಲ. ಇದೇ ನನ್ನ ದೂರು.

ಮಾರೂಲಾ ಅಜ್ಜಿ ನಮ್ಮದೇ ಕಟ್ಟಡದ ಎದುರು ಮನೆಯ ಗ್ರೀಕ್ ಸೈಪ್ರಿಯಟ್. 1974ರಲ್ಲಿ ದ್ವೀಪ ಇಬ್ಭಾಗವಾದಾಗ, ತಾಯಿಯ ಸಮಾಧಿ ಇರುವ ಅವರ ಊರು ಟರ್ಕಿಶರ ಉತ್ತರದ ಪಾಲಾಯಿತು. ಮೇಲಿನ ಮನೆಯ ಇಬ್ರಾಹಿಂ ಟರ್ಕಿಶ್ ಸೈಪ್ರಿಯಟ್. ಅವರ ಊರು ಗ್ರೀಕರ ದಕ್ಷಿಣದಲ್ಲುಳಿಯಿತು. ನಿಮ್ಮ ಸಮಿತಿಗಳಿಗೆ ಐವತ್ತು ವರ್ಷಗಳಲ್ಲಿ ಆಗದ್ದು ಇವರಿಗಾಗಿದೆ. ಮೆಟ್ಟಿಲು ಗುಡಿಸುವ ಕೇರ್‌ವೋಖೆ ಪಾಳಿಯ ಫಲಕ ವಾರಕ್ಕೊಮ್ಮೆ ಒಬ್ಬರ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ ಜಗಳವಿಲ್ಲದೆ ಹೋಗುತ್ತದೆ. ಯಾವ ದೂತರೂ ಬೇಕಾಗಿಲ್ಲ.

ಪಾಸ್‌ಪೋರ್ಟ್ ತೋರಿಸಿ ಗಡಿ ದಾಟಬಹುದು, ಬಲ್ಲೆ. "ಹುಟ್ಟಿದೂರಿಗೆ ಹೋಗಲು ಪಾಸ್‌ಪೋರ್ಟ್ ಯಾಕೆ? ಒಂದಾಗಲಿ, ಹೋಗುತ್ತೇನೆ" ಎಂಬುದು ಅಜ್ಜಿಯ ಹಟ. 2017ರಲ್ಲಿ ಇಬ್ರಾಹಿಂ ಹೇಗೋ ಒಪ್ಪಿಸಿದರು: "ನಿನ್ನ ಪಾಸ್‌ಪೋರ್ಟನ್ನೂ ನಾನೇ ತೋರಿಸುತ್ತೇನೆ, ನೀನು ಆಚೆ ನೋಡು." ಟಿಕೆಟ್ ಆಯಿತು. ಅಷ್ಟರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಿಮ್ಮ ಮಾತುಕತೆ ಶುರುವಾಯಿತು. "ಇಂಜಿನಿಯರ್ ನೀನು, ಹೇಳು, ಕಾಯಲೇ?" ಎಂದು ಅಜ್ಜಿ ನನ್ನನ್ನು ಕೇಳಿದರು.

ನಾನು ಧಾರವಾಡದವ. ಹಿರಿಯರ ಆಸೆಗೆ ಇಲ್ಲ ಎನ್ನುವ ರೂಢಿ ನಮ್ಮಲ್ಲಿಲ್ಲ. "ಆಗ್ತದ ಅಜ್ಜಿ, ಮುಂದಿನ ವರ್ಷ ಆಗೇ ಆಗ್ತದ" ಎಂಬುದನ್ನೇ ಜರ್ಮನ್‌ನಲ್ಲಿ ಹೇಳಿಬಿಟ್ಟೆ. ನಮ್ಮೂರಲ್ಲಿ ಅದು ಸಮಾಧಾನದ ಮಾತು. ನಲವತ್ತು ವರ್ಷ ಜರ್ಮನಿಯಲ್ಲಿ ಬಾಳಿದವರಿಗೆ ಅದು ಟೆರ್ಮೀನ್, ತಪ್ಪದೆ ಪಾಲಿಸಬೇಕಾದ ಗೊತ್ತುಮಾಡಿದ ದಿನ. ಅಜ್ಜಿ ಟಿಕೆಟ್ ರದ್ದುಮಾಡಿದರು. ಕೆಲವೇ ದಿನಗಳಲ್ಲಿ ಮಾತುಕತೆ ಮುರಿದುಬಿತ್ತು.

"ಸುಳ್ಳ ಯಾಕ ಹೇಳಿದ್ರಿ? ನಿಮ್ಮ ಮಾತಿಗೆ ಆಕಿ ಕುಂತಾಳ ನೋಡ್ರಿ" ಎಂದು ಹೆಂಡತಿ ಭೂಮಿಕಾ ಇಂದಿಗೂ ಬಯ್ಯುತ್ತಾಳೆ. ನಾಚಿಕೆಯಾಗುತ್ತದೆ. ಆದರೆ ಹಾವೂ ಸಾಯದಂತೆ, ಕೋಲೂ ಮುರಿಯದಂತೆ "ಆಶಾದಾಯಕ ವಾತಾವರಣ" ಎಂದು ನೀವು ಹೊರಡಿಸುವ ಹೇಳಿಕೆ ನನ್ನ ಮಾತಿಗಿಂತ ಹೇಗೆ ಬೇರೆ? ನಿಮಗೆ ಬಯ್ಯಲು ಮನೆಯಲ್ಲಿ ಯಾರೂ ಇಲ್ಲವೇ?

ಈ ಚಳಿಗಾಲ ಕಳೆದರೆ ಅಜ್ಜಿ ವಿಮಾನ ಹತ್ತುವಂತಿಲ್ಲ ಎಂದು ಹೃದಯದ ಡಾಕ್ಟರು ಹೇಳಿದ್ದಾರೆ. ದಯವಿಟ್ಟು ಒಂದೇ ಸಾಲು ಬರೆಯಿರಿ: "ನಿಮ್ಮ ಕಾಲಕ್ಕೆ ಆಗುವುದಿಲ್ಲ." ನಿಮ್ಮ ಸಹಿ ಇದ್ದರೆ ಅಜ್ಜಿ ಕಾಯುವುದು ಬಿಟ್ಟು ಪಾಸ್‌ಪೋರ್ಟನ್ನು ಇಬ್ರಾಹಿಂ ಕೈಗೆ ಕೊಟ್ಟಾರು. ನಿನ್ನೆ ನಾನೇ ಹೇಳಿಬಿಡೋಣವೆಂದು ಬಾಗಿಲು ಬಡಿದೆ. ಸೂಟ್‌ಕೇಸ್ ಕೆಳಗಿತ್ತು. "ಈ ಸಲ ಆಗುತ್ತದಲ್ಲ?" ಎಂದರು ಅಜ್ಜಿ.

ಇಂತಿ,
ನಿನ್ನೆಯೂ "ಆಗ್ತದ ಅಜ್ಜಿ" ಎಂದೇ ಹೇಳಿ ಬಂದ
ಮಲ್ಲಿಕಾರ್ಜುನ
ಫೊಯರ್‌ಬಾಕ್, ಸ್ಟುಟ್‌ಗಾರ್ಟ್